ಪೂಲಿನಲ್ಲಿ ‘ಕ್ಲೋರಿನ್ ವಾಸನೆ’ ಬಂದರೆ ಎಲ್ಲಿಂದ ಹುಡುಕಬೇಕು?

ಅಪಾರ್ಟ್‌ಮೆಂಟಿನ ಈಜುಕೊಳದ ಉಸ್ತುವಾರಿ ನನ್ನ ಹೆಗಲಿಗೆ ಬಿದ್ದದ್ದು ಅಸೋಸಿಯೇಷನ್ ಸಭೆಗೆ ತಡವಾಗಿ ಹೋದ ತಪ್ಪಿಗೆ. ಮೊದಲ ವಾರವೇ ದೂರು ಬಂತು: ನೀರು ಮೂಗಿಗೆ ಹೊಡೆಯುತ್ತಿದೆ, ಮಕ್ಕಳ ಕಣ್ಣು ಕೆಂಡದ ಹಾಗಾಗಿದೆ. ಪೂಲ್ ನೋಡಿಕೊಳ್ಳುವ ಹುಡುಗ ನಿಶ್ಚಿಂತೆಯಿಂದ, “ಕ್ಲೋರಿನ್ ಜಾಸ್ತಿ ಆಗಿದೆ ಸರ್, ಎರಡು ದಿನ ಹಾಕಲ್ಲ ಬಿಡಿ” ಎಂದ. ನಾನೂ ಗೋಣಾಡಿಸಿದೆ. ಮೂರನೇ ದಿನಕ್ಕೆ ವಾಸನೆ ಇನ್ನೂ ಏರಿತ್ತು, ನೀರು ಮಬ್ಬಾಗಿತ್ತು.

ನಾವಿಬ್ಬರೂ ರೋಗವನ್ನು ತಲೆಕೆಳಗಾಗಿ ಓದಿದ್ದೆವು. ಪೂಲಿನಲ್ಲಿರಬೇಕಾದಷ್ಟೇ ಕ್ಲೋರಿನ್ ಶುದ್ಧ ನೀರಿನಲ್ಲಿದ್ದರೆ ವಾಸನೆ ತೀರಾ ಕಡಿಮೆ. ನಾವು ‘ಕ್ಲೋರಿನ್ ವಾಸನೆ’ ಅನ್ನುವುದು ಕ್ಲೋರಮೈನ್‌ಗಳ ವಾಸನೆ. ಬೆವರು, ಮೂತ್ರದಲ್ಲಿರುವ ಅಮೋನಿಯಾ, ಯೂರಿಯಾಗಳ ಜೊತೆ ಕ್ಲೋರಿನ್ ಕೂಡಿದಾಗ ಮೊದಲು ಮೊನೊಕ್ಲೋರಮೈನ್, ಆಮೇಲೆ ಡೈಕ್ಲೋರಮೈನ್, ಕೊನೆಗೆ ಟ್ರೈಕ್ಲೋರಮೈನ್ ಆಗುತ್ತದೆ. ಈ ಮೂರನೆಯದು ನೀರಿನಲ್ಲಿ ನಿಲ್ಲುವ ಜಾತಿಯಲ್ಲ, ಗಾಳಿಗೆ ಏಳುತ್ತದೆ. ಕಣ್ಣುರಿ, ಗಂಟಲ ಕೆರೆತ ಹೆಚ್ಚಾಗಿ ಅದರದೇ ಕೆಲಸ. ಅಂದರೆ ವಾಸನೆ ಬಂತೆಂದರೆ ಕೆಲಸ ಮಾಡುವ ಕ್ಲೋರಿನ್ ಹೆಚ್ಚಾಗಿದೆ ಎಂದಲ್ಲ, ಅದು ಕೊಳೆಯ ಜೊತೆ ಸೆಣಸಿ ಸೋತಿದೆ ಎಂದು.

ಹಾಗಂತ ಓದಿ ಮುಗಿಸಿದ ಕೂಡಲೇ ಡಬ್ಬ ಬಗ್ಗಿಸಲು ಹೋಗಬೇಡಿ. ಅಳೆಯದೆ ಅರ್ಧಂಬರ್ಧ ಸುರಿದರೆ ಪರಿಸ್ಥಿತಿ ಕೆಡುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಇದು: ಪರೀಕ್ಷೆ ಬಿಟ್ಟು ಹೊರಗೆ ಬರಬೇಕಾದ ಲಕ್ಷಣಗಳು

ಎಚ್ಚರಿಕೆಗಳನ್ನು ಕೊನೆಗೆ ಇಡುವುದು ರೂಢಿ. ಉಸಿರು ಕಟ್ಟಿದವರು ಕೊನೆಯ ಪುಟದವರೆಗೆ ಓದುವುದಿಲ್ಲವಾದ್ದರಿಂದ ಇಲ್ಲೇ ಹೇಳುತ್ತೇನೆ.

ಪಂಪ್ ರೂಮಿನ ಬಾಗಿಲು ತೆರೆದ ಕೂಡಲೇ ಗಂಟಲು ಬಿಗಿದರೆ, ಹಳದಿ ಮಿಶ್ರಿತ ಹಸಿರು ಹೊಗೆ ಕಂಡರೆ, ನೀರಿನಲ್ಲಿದ್ದವರೆಲ್ಲ ಒಟ್ಟಿಗೆ ಕೆಮ್ಮತೊಡಗಿದರೆ ಅದು ಕ್ಲೋರಮೈನ್ ಸಮಸ್ಯೆಯಲ್ಲ, ಕ್ಲೋರಿನ್ ಅನಿಲ. ಎಲ್ಲರನ್ನೂ ಹೊರಗೆ ಕರೆತನ್ನಿ, ಗಾಳಿ ಬೀಸಿ ಬರುವ ದಿಕ್ಕಿಗೆ, ಎತ್ತರದ ಜಾಗಕ್ಕೆ ಹೋಗಿ. ಆ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. 112 ಅಥವಾ 108ಕ್ಕೆ ಕರೆ ಮಾಡಿ. “ಒಂದು ನಿಮಿಷ, ವಾಲ್ವ್ ಮುಚ್ಚಿ ಬರ್ತೀನಿ” ಎಂದು ಯಾರೂ ಒಳಗೆ ಹೋಗಬಾರದು. ಜೋರಾಗಿ ಅನಿಲ ಕುಡಿದವರಿಗೆ ಆಗ ಏನೂ ಅನ್ನಿಸದೆ, ಕೆಲವು ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಕೆಮ್ಮು ನಿಂತಿತೆಂದು ಮನೆಗೆ ಕಳಿಸಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇದು ಆಗುವ ದಾರಿಗಳು ಮೂರು. ಆಸಿಡ್ ಅಳೆದ ಮಗ್ಗಿನಲ್ಲೇ ಕ್ಲೋರಿನ್ ಕೊಡುವ ಹೈಪೋಕ್ಲೋರೈಟ್ ಅಳೆಯುವುದು ಒಂದು. ಟಿಸಿಸಿಎ ಎಂಬ ಇನ್ನೊಂದು ಬಗೆಯ ಕ್ಲೋರಿನ್ ಪುಡಿ ತೆಗೆದ ಚಮಚವನ್ನು ಕ್ಯಾಲ್ಸಿಯಂ ಹೈಪೋಕ್ಲೋರೈಟಿನ ಡಬ್ಬಕ್ಕೆ ಹಾಕುವುದು ಇನ್ನೊಂದು. ಎರಡೂ ‘ಕ್ಲೋರಿನ್ ಪೌಡರ್’ ಅನ್ನಿಸಿಕೊಂಡರೂ ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಮೂರನೆಯದು ನಮ್ಮ ಊರಿಗೆ ಹೇಳಿ ಮಾಡಿಸಿದ್ದು: ಕರೆಂಟ್ ಹೋಗಿ ಅಥವಾ ಟ್ರಿಪ್ ಆಗಿ ನೀರು ಸುತ್ತಿಸುವ ಪಂಪ್ ನಿಲ್ಲುತ್ತದೆ, ಬೇರೆ ಲೈನಿನಲ್ಲಿರುವ ಡೋಸಿಂಗ್ ಪಂಪುಗಳು ಮಾತ್ರ ಆಸಿಡ್ಡನ್ನೂ ಕ್ಲೋರಿನ್ನನ್ನೂ ನಿಂತ ಪೈಪಿಗೆ ಸುರಿಯುತ್ತಲೇ ಇರುತ್ತವೆ. ಮುಖ್ಯ ಪಂಪ್ ಮತ್ತೆ ಶುರುವಾದಾಗ ಒಳಗೆ ಹುಟ್ಟಿದ ಅನಿಲವೆಲ್ಲ ಒಮ್ಮೆಲೇ ಈಜುವವರ ಮುಖಕ್ಕೆ. ನಿಮ್ಮಲ್ಲಿ ತಾನೇ ಡೋಸ್ ಮಾಡುವ ಯಂತ್ರವಿದ್ದರೆ, ಮುಖ್ಯ ಪಂಪ್ ನಿಂತಾಗ ಅದೂ ನಿಲ್ಲುತ್ತದೆಯೇ ಎಂದು ಎಲೆಕ್ಟ್ರಿಷಿಯನ್‌ನನ್ನು ನಿಲ್ಲಿಸಿಕೊಂಡು ನೋಡಿ. ನಿಲ್ಲದಿದ್ದರೆ ಈ ಬರಹದ ಉಳಿದ ಭಾಗಕ್ಕಿಂತ ಆ ರಿಪೇರಿ ಮುಖ್ಯ.

ಲಕ್ಷಣ: ವಾಸನೆ ಗಾಢ, ಕಿಟ್ ಮಾತ್ರ “ಕ್ಲೋರಿನ್ ಸರಿಯಾಗಿದೆ” ಅನ್ನುತ್ತದೆ

ಮೊದಲು ಕಿಟ್ಟನ್ನೇ ಅನುಮಾನಿಸಿ. ಹನಿ ಹಾಕಿದಾಗ ನೀರು ಹಳದಿಯಾಗುವ ಕಿಟ್ ಇದ್ದರೆ ಅದು ಒಟಿಒ. ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಅದು ತೋರಿಸುವುದು ಒಟ್ಟು ಕ್ಲೋರಿನ್. ದುಡಿಯುವವರನ್ನೂ ಸತ್ತವರನ್ನೂ ಒಂದೇ ಹಾಜರಿ ಪುಸ್ತಕದಲ್ಲಿ ಬರೆದ ಹಾಗೆ. ನಮ್ಮ ಹುಡುಗ ಮೋಸ ಹೋದದ್ದು ಇದರಿಂದಲೇ. ಹಳದಿ ಗಾಢವಾಗಿತ್ತು, ಅವನು ಕ್ಲೋರಿನ್ ಜಾಸ್ತಿ ಎಂದ.

ನಿಮಗೆ ಬೇಕಾದದ್ದು ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್. ಒಂದನೇ ನಂಬರಿನ ಮಾತ್ರೆ ಹಾಕಿ ತಕ್ಷಣ ಓದಿದರೆ ಬಿಡಿ ಕ್ಲೋರಿನ್, ಅಂದರೆ ಕೆಲಸಕ್ಕೆ ಸಿದ್ಧವಿರುವುದು. ಅದೇ ಕೊಳವೆಗೆ ಮೂರನೇ ನಂಬರಿನ ಮಾತ್ರೆ ಹಾಕಿ ಎರಡು ನಿಮಿಷ ಬಿಟ್ಟು ಓದಿದರೆ ಒಟ್ಟು. ಒಟ್ಟಿನಿಂದ ಬಿಡಿಯನ್ನು ಕಳೆದಾಗ ಉಳಿಯುವುದು ಕೂಡಿದ ಕ್ಲೋರಿನ್, ಅದೇ ಕ್ಲೋರಮೈನ್. ನೀರನ್ನು ಮೇಲಿನಿಂದ ಮೊಗೆಯಬೇಡಿ. ಮೊಳ ಆಳದಿಂದ, ನೀರು ಒಳಬರುವ ಬಾಯಿಗಳಿಂದ ದೂರ ನಿಂತು ತುಂಬಿಕೊಳ್ಳಿ.

ಬಿಡಿ ಕ್ಲೋರಿನ್ 1ರಿಂದ 3 ಪಿಪಿಎಂ (ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ) ಒಳಗಿರಬೇಕು. ಕೂಡಿದ್ದು 0.2 ಪಿಪಿಎಂ ಇದ್ದರೆ ಆರೋಗ್ಯವಂತ ಪೂಲ್. ಜರ್ಮನಿಯ ಡಿಐಎನ್ 19643 ಮಾನದಂಡ ಇಷ್ಟನ್ನೇ ಮಿತಿಯಾಗಿ ಇಟ್ಟಿದೆ. ಅಮೆರಿಕದ ಸಿಡಿಸಿ ಸಂಸ್ಥೆಯ ಮಾದರಿ ಸಂಹಿತೆ 0.4 ದಾಟಿದರೆ ಕ್ರಮ ತೆಗೆದುಕೊಳ್ಳಿ ಅನ್ನುತ್ತದೆ. ನಮ್ಮ ನೀರಿನಲ್ಲಿ ಆ ದಿನ ಬಿಡಿ 0.6, ಒಟ್ಟು 1.4. ಕೂಡಿದ್ದು 0.8. ಕಾಯಿಲೆಗೆ ಹೆಸರು ಸಿಕ್ಕಿತು.

ಇನ್ನೊಂದು ಚಿಕ್ಕ ಮೋಸವೂ ಇದೆ. ಮಾತ್ರೆ ಹಾಕಿದಾಗ ಗುಲಾಬಿ ಫಳಕ್ಕನೆ ಬಂದು ಮಾಯವಾಗಿ ನೀರು ತಿಳಿಯಾದರೆ, ಕ್ಲೋರಿನ್ ಸೊನ್ನೆ ಎಂದು ಬರೆದುಕೊಳ್ಳಬೇಡಿ. ಸುಮಾರು 10 ಪಿಪಿಎಂ ದಾಟಿದ ಕ್ಲೋರಿನ್ ಆ ಬಣ್ಣವನ್ನೇ ಬಿಳಿಚಿಸುತ್ತದೆ. ಒಂದು ಪಾಲು ಪೂಲ್ ನೀರಿಗೆ ನಾಲ್ಕು ಪಾಲು ಕ್ಲೋರಿನ್ ಇಲ್ಲದ ನೀರು ಬೆರೆಸಿ ಮತ್ತೆ ಪರೀಕ್ಷಿಸಿ, ಬಂದದ್ದನ್ನು ಐದರಿಂದ ಗುಣಿಸಿ.

ಲಕ್ಷಣ: ಕಣ್ಣು ಕೆಂಪು, ಚರ್ಮ ನವೆ, ಆದರೆ ವಾಸನೆ ಅಷ್ಟೇನಿಲ್ಲ

ಇಲ್ಲಿ ಕ್ಲೋರಮೈನಿಗಿಂತ ಮೊದಲು ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ (7 ಸಮ, ಕೆಳಗೆ ಆಮ್ಲ, ಮೇಲೆ ಕ್ಷಾರ) ನೋಡಿ. ಕಣ್ಣೀರಿನ ಪಿಎಚ್ 7.4ರ ಆಸುಪಾಸು. ನೀರು 7.2ರಿಂದ 7.8ರ ಒಳಗಿದ್ದರೆ ಕಣ್ಣು ತಕರಾರು ಮಾಡುವುದು ಕಡಿಮೆ. ಟಿಸಿಸಿಎ ಮಾತ್ರೆ ಬಳಸುವ ಕಡೆ ಪಿಎಚ್ ದಿನದಿನಕ್ಕೆ ಇಳಿಯುತ್ತದೆ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಅಥವಾ ದ್ರವ ಹೈಪೋಕ್ಲೋರೈಟ್ ಬಳಸುವ ಕಡೆ ಏರುತ್ತದೆ.

ಏರಿದ ಪಿಎಚ್ ಇನ್ನೊಂದು ಕಿತಾಪತಿ ಮಾಡುತ್ತದೆ. ಕ್ರಿಮಿ ಕೊಲ್ಲುವ ರೂಪವಾದ ಹೈಪೋಕ್ಲೋರಸ್ ಆಮ್ಲ 7.5ರಲ್ಲಿ ಬಿಡಿ ಕ್ಲೋರಿನ್ನಿನ ಸುಮಾರು ಅರ್ಧದಷ್ಟಿರುತ್ತದೆ. 8ಕ್ಕೆ ಹೋದರೆ ಕಾಲು ಭಾಗಕ್ಕೆ ಕುಸಿಯುತ್ತದೆ. ಕಿಟ್ಟಿನಲ್ಲಿ ಅಂಕಿ ಅದೇ, ನೀರಿನಲ್ಲಿ ಕಸುವು ಇಲ್ಲ. ಕೊಳೆ ಪೂರ್ತಿ ಸುಡದೆ ಅರೆಬೆಂದ ಪದಾರ್ಥಗಳು ಉಳಿಯುತ್ತವೆ. ಹಾಗೆಂದು ಪಿಎಚ್ಚನ್ನು 7ಕ್ಕಿಂತ ಕೆಳಗೆ ದೂಡಬಾರದು, ಆಗ ಟ್ರೈಕ್ಲೋರಮೈನ್ ಹೆಚ್ಚು ಹುಟ್ಟುತ್ತದೆ.

ಪಿಎಚ್ ಸರಿ, ಕೂಡಿದ ಕ್ಲೋರಿನ್ ಕಡಿಮೆ, ಆದರೂ ಒಬ್ಬಿಬ್ಬರ ಕಣ್ಣು ಮಾತ್ರ ಕೆಂಪಾದರೆ ಅವರಿಗೆ ಈಜುಗನ್ನಡಕ ಕೊಡಿ. ಕೀವು, ಬೆಳಕು ನೋಡಲಾಗದ ನೋವು, ಮರುದಿನವೂ ಇಳಿಯದ ಕೆಂಪು ಇದ್ದರೆ ಕಣ್ಣಿನ ವೈದ್ಯರ ಬಳಿ ಹೋಗಬೇಕು.

ಲಕ್ಷಣ: ಒಳಾಂಗಣ ಪೂಲಿನಲ್ಲಿ ಕೆಮ್ಮು, ದಡದಲ್ಲಿ ಕೂತವರಿಗೂ

ನೀರಿಗಿಳಿಯದ ಕೋಚ್, ಬೆಂಚಿನ ಮೇಲೆ ಕೂತ ಅಮ್ಮಂದಿರು ಕೂಡ ಕೆಮ್ಮುತ್ತಿದ್ದರೆ ದೋಷ ಗಾಳಿಯಲ್ಲಿದೆ. ಟ್ರೈಕ್ಲೋರಮೈನ್ ಗಾಳಿಗಿಂತ ಭಾರ, ನೀರಿನ ಮೇಲ್ಮೈಗೆ ಕಂಬಳಿ ಹೊದಿಸಿದಂತೆ ಕೂರುತ್ತದೆ. ಈಜುವವರು ಉಸಿರೆಳೆಯುವುದು ಸರಿಯಾಗಿ ಅಲ್ಲಿಂದಲೇ. ವಿಶ್ವ ಆರೋಗ್ಯ ಸಂಸ್ಥೆ ಪೂಲಿನ ಗಾಳಿಗೆ ಸೂಚಿಸಿದ ತಾತ್ಕಾಲಿಕ ಮಿತಿ ಘನ ಮೀಟರಿಗೆ 0.5 ಮಿಲಿಗ್ರಾಂ.

ಖರ್ಚಿಲ್ಲದ ಪರೀಕ್ಷೆ: ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು ಅರ್ಧ ಗಂಟೆ ಬಿಡಿ. ಕೆಮ್ಮು ಇಳಿದರೆ ಗಾಳಿಯ ಓಡಾಟ ಸಾಲದು ಎಂದರ್ಥ. ಛಾವಣಿಯ ಹತ್ತಿರದ ಎಕ್ಸಾಸ್ಟ್ ಫ್ಯಾನ್ ಈ ಕಂಬಳಿಯನ್ನು ಎತ್ತುವುದಿಲ್ಲ. ನೀರಿನ ಮಟ್ಟದಲ್ಲಿ ಗಾಳಿ ಸರಿಯಬೇಕು. ಎಸಿ ಬಿಲ್ಲಿಗೆ ಹೆದರಿ ಒಳಗಿನ ಗಾಳಿಯನ್ನೇ ತಿರುಗಿಸುವ ಕಟ್ಟಡಗಳಲ್ಲಿ ನೀರನ್ನು ಎಷ್ಟು ತಿದ್ದಿದರೂ ಪೂರ್ತಿ ಗುಣ ಕಾಣದು. ಬಯಲು ಪೂಲಿನವರು ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ, ಬಿಸಿಲೂ ಗಾಳಿಯೂ ಪುಕ್ಕಟೆ ಕೆಲಸ ಮಾಡುತ್ತವೆ.

ಅಸ್ತಮಾ ಇರುವವರು ಉಸಿರಿನಲ್ಲಿ ಸುಯ್‌ಗುಟ್ಟುವ ಸದ್ದು ಬಂದರೆ ಆ ಕೂಡಲೇ ನೀರು ಬಿಡಬೇಕು, ತಮ್ಮ ಇನ್ಹೇಲರ್ ಬಳಸಬೇಕು. ಇಳಿಯದಿದ್ದರೆ ವೈದ್ಯರ ಬಳಿ.

ಲಕ್ಷಣ: ವಾರಾಂತ್ಯ ಕಳೆದ ಮೇಲೆ ವಾಸನೆ, ಟೈಲ್ಸ್ ಅಂಚಿಗೆ ಜಿಡ್ಡಿನ ಗೆರೆ

ಇದು ಮನುಷ್ಯರ ಕೊಡುಗೆ. ಭಾನುವಾರ ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಕ್ಕಳನ್ನು ಪೂಲಿಗೆ ಬಿಟ್ಟು, ಆಮೇಲೆ ಮನೆಯಲ್ಲಿ ಸ್ನಾನ ಮಾಡಿಸುವುದು ನಮ್ಮ ಬ್ಲಾಕಿನ ಪದ್ಧತಿಯಾಗಿತ್ತು. ಕ್ಲೋರಿನ್ ಪಾಪ, ಎಣ್ಣೆ, ಬೆವರು, ಸನ್‌ಸ್ಕ್ರೀನ್ ಎಲ್ಲದರ ಜೊತೆ ಗುದ್ದಾಡಬೇಕು. ಒಂದು ನಿಮಿಷ ಶವರ್ ಕೆಳಗೆ ನಿಂತರೆ ಮೈಮೇಲಿನ ಕೊಳೆಯ ಬಹುಪಾಲು ಅಲ್ಲೇ ಹೋಗುತ್ತದೆ. ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ, ಜನರಿಂದ ಮಾಡಿಸಲು ಇದಕ್ಕಿಂತ ಕಷ್ಟದ್ದೂ ಗೊತ್ತಿಲ್ಲ.

ಮೂತ್ರದ ವಿಷಯ ಹೇಳಲು ಸಂಕೋಚ, ಆದರೂ ಹೇಳಬೇಕು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2017ರಲ್ಲಿ ಪೂಲ್ ನೀರಿನಲ್ಲಿ ಅಸಿಸಲ್ಫೇಮ್ ಎಂಬ ಕೃತಕ ಸಿಹಿಯನ್ನು ಅಳೆದರು. ಅದು ದೇಹದಲ್ಲಿ ಜೀರ್ಣವಾಗದೆ ಹಾಗೇ ಹೊರಬರುವ ಪದಾರ್ಥ. ಅದರ ಲೆಕ್ಕ ಹಿಡಿದು 8,30,000 ಲೀಟರಿನ ಒಂದು ಪೂಲಿನಲ್ಲಿ ಸುಮಾರು 75 ಲೀಟರ್ ಮೂತ್ರ ಇದೆ ಎಂದು ಅಂದಾಜಿಸಿದರು. ಮೂತ್ರದ ಯೂರಿಕ್ ಆಮ್ಲ ಕ್ಲೋರಿನ್ ಜೊತೆ ಸೇರಿದರೆ ಟ್ರೈಕ್ಲೋರಮೈನ್ ಅಷ್ಟೇ ಅಲ್ಲ, ಸಯನೋಜೆನ್ ಕ್ಲೋರೈಡ್ ಎಂಬ ವಿಷಪದಾರ್ಥವೂ ಚೂರು ಹುಟ್ಟುತ್ತದೆ. ಮಕ್ಕಳನ್ನು ಗಂಟೆಗೊಮ್ಮೆ ನೀರಿನಿಂದ ಎಬ್ಬಿಸಿ ಟಾಯ್ಲೆಟ್ಟಿಗೆ ಕಳಿಸುವುದೂ ರಸಾಯನಶಾಸ್ತ್ರವೇ.

ಲಕ್ಷಣ: ಕ್ಲೋರಿನ್ ಹಾಕಿದಷ್ಟೂ ವಾಸನೆ ಜಾಸ್ತಿ

ಬಹಳ ಜನ ಸೋಲೊಪ್ಪಿ ಕೈಚೆಲ್ಲುವುದು ಇಲ್ಲಿ. ಕ್ಲೋರಮೈನನ್ನು ಮುರಿಯಲು ಕ್ಲೋರಿನ್ನೇ ಬೇಕು, ಆದರೆ ಒಂದು ಮಿತಿ ದಾಟುವಷ್ಟು, ಒಂದೇ ಸಲಕ್ಕೆ. ಅದರ ಕೆಳಗೆ ನಿಂತರೆ ಮೊನೊ ಹೋಗಿ ಡೈ, ಡೈ ಹೋಗಿ ಟ್ರೈ ಆಗುತ್ತದೆ. ಗಬ್ಬು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ದಿನಕ್ಕೊಂದು ಮಗ್ ಹಾಕಿ ನೋಡೋಣ ಅನ್ನುವ ಜಾಣತನ ಇಲ್ಲಿ ನಡೆಯದು.

ಲೆಕ್ಕ ಹೀಗೆ. ಕೂಡಿದ ಕ್ಲೋರಿನ್ನಿನ ಹತ್ತು ಪಟ್ಟಿಗೆ ಬಿಡಿ ಕ್ಲೋರಿನ್ನನ್ನು ಏರಿಸಬೇಕು ಎಂಬುದು ಪೂಲಿನವರ ರೂಢಿಯ ಸೂತ್ರ. ನಮ್ಮದು 12 ಮೀಟರ್ ಉದ್ದ, 5 ಅಗಲ, ಸರಾಸರಿ 1.2 ಆಳ, ಅಂದರೆ 72,000 ಲೀಟರ್. ಕೂಡಿದ್ದು 0.8 ಆದ್ದರಿಂದ ಗುರಿ 8 ಪಿಪಿಎಂ. ಈಗಾಗಲೇ ಇರುವ 0.6 ಕಳೆದರೆ 7.4. ಅದನ್ನು 72,000 ಲೀಟರಿಗೆ ಗುಣಿಸಿದರೆ 533 ಗ್ರಾಂ ಶುದ್ಧ ಕ್ಲೋರಿನ್. ಶೇ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ ಸುಮಾರು 820 ಗ್ರಾಂ, ಶೇ 10ರ ದ್ರವವಾದರೆ ಐದೂ ಕಾಲು ಲೀಟರಿನಷ್ಟು. ಬಿಸಿ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಕೂತ ಕ್ಯಾನಿನಲ್ಲಿ ಲೇಬಲಿನ ಶೇ 10 ಉಳಿದಿರುವುದಿಲ್ಲ, ಹೊಸದನ್ನು ತರಿಸಿ.

ಪಿಎಚ್ಚನ್ನು 7.2ರಿಂದ 7.4ಕ್ಕೆ ತಂದುಕೊಂಡು, ಸೂರ್ಯ ಮುಳುಗಿದ ಮೇಲೆ, ಎಲ್ಲರನ್ನೂ ಹೊರಗೆ ಕಳಿಸಿ, ಪಂಪ್ ಓಡುತ್ತಿರುವಾಗ ಹಾಕಿ. ಪೂಲಿಗೆ ಹೊದಿಕೆ ಇದ್ದರೆ ತೆಗೆಯಿರಿ, ಮುರಿದ ಕ್ಲೋರಮೈನ್ ಹೊರಹೋಗಲು ದಾರಿ ಬೇಕು. ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಪುಡಿ, ಸ್ವಲ್ಪ ಸ್ವಲ್ಪವೇ. ಪುಡಿಯ ಮೇಲೆ ನೀರು ಸುರಿಯುವುದು ಅಪಾಯ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಬೆಳಿಗ್ಗೆ ಬಿಡಿ ಕ್ಲೋರಿನ್ 3ಕ್ಕೆ, ಕೂಡಿದ್ದು 0.4ರ ಒಳಗೆ ಇಳಿಯುವ ತನಕ ಗೇಟಿಗೆ ಬೀಗ.

ಒಂದು ಪದದ ಗಲಿಬಿಲಿ ಇಲ್ಲೇ ಬಿಡಿಸಿಬಿಡೋಣ. ಪೂಲಿನವರು ‘ಹೈಪೋ’ ಅಂದರೆ ಸೋಡಿಯಂ ಹೈಪೋಕ್ಲೋರೈಟ್, ಕ್ಲೋರಿನ್ ಕೊಡುವುದು. ಶಾಲೆಯ ಲ್ಯಾಬಿನಲ್ಲಿ, ಹಳೇ ಫೋಟೋ ಸ್ಟುಡಿಯೊಗಳಲ್ಲಿ ‘ಹೈಪೋ’ ಅಂದರೆ ಸೋಡಿಯಂ ಥಯೋಸಲ್ಫೇಟ್, ಕ್ಲೋರಿನ್ ತಿನ್ನುವುದು. ಫೋನಿನಲ್ಲಿ “ಐದು ಕೆಜಿ ಹೈಪೋ ಕಳಿಸಿ” ಎಂದರೆ ಯಾವುದು ಬರುತ್ತದೋ ಹೇಳಲಾಗದು. ಪೂರ್ತಿ ಹೆಸರು ಹೇಳಿ.

ಎರಡು ಸಲ ಹೀಗೆ ಮಾಡಿಯೂ ಕೂಡಿದ್ದು ಇಳಿಯದಿದ್ದರೆ ಮೂರನೇ ಸಲ ಸುರಿಯಬೇಡಿ. ಯೂರಿಯಾದಂಥ ಸಾವಯವ ಪದಾರ್ಥಗಳಿಂದ ಹುಟ್ಟಿದ ಕೆಲವು ಕ್ಲೋರಮೈನ್‌ಗಳು ಈ ಏಟಿಗೆ ಬಗ್ಗುವುದಿಲ್ಲ. ಆಗ ಅನುಮಾನ ಎರಡು ಕಡೆ ಹೋಗಬೇಕು.

ಒಂದು, ತುಂಬಿಸುವ ನೀರು. ಯಾರೂ ಈಜದ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ, ಅದರಲ್ಲೂ ಟ್ಯಾಂಕರ್ ಬಂದ ಮರುದಿನ ಕೂಡಿದ್ದು ಏರಿದ್ದರೆ ಅಮೋನಿಯಾ ಹೊರಗಿನಿಂದ ಬರುತ್ತಿದೆ. ಟ್ಯಾಂಕರ್ ನೀರನ್ನು ಹತ್ತು ಲೀಟರ್ ಬಕೆಟ್ಟಿಗೆ ಹಿಡಿದು, ಶೇ 10ರ ಹೈಪೋಕ್ಲೋರೈಟ್ ಆರು ಹನಿ ಹಾಕಿ. ಅದು ಸುಮಾರು 3 ಪಿಪಿಎಂ. ಅರ್ಧ ಗಂಟೆ ಬಿಟ್ಟು ಡಿಪಿಡಿ ಮಾಡಿ. ಬಿಡಿ ಹೆಚ್ಚುಕಡಿಮೆ ಸೊನ್ನೆ, ಒಟ್ಟು ಮಾತ್ರ ಹಾಗೇ ಇದ್ದರೆ ಅಮೋನಿಯಾ. ಚರಂಡಿ ನೀರು ಸೇರಿದ ಬೋರ್‌ವೆಲ್ ಇರಬಹುದು, ಆ ಟ್ಯಾಂಕರ್ ಬಿಟ್ಟುಬಿಡಿ. ಬಿಡಿ, ಒಟ್ಟು ಎರಡೂ ಕರಗಿದ್ದರೆ ಕಬ್ಬಿಣದಂಥದ್ದು ಅಥವಾ ಕೊಳೆ ಕ್ಲೋರಿನ್ನನ್ನು ನುಂಗಿದೆ.

ಎರಡು, ಸಯನ್ಯೂರಿಕ್ ಆಮ್ಲ. ಟಿಸಿಸಿಎ ಬಿಸಿಲಿಗೆ ಕ್ಲೋರಿನ್ ಕರಗದಂತೆ ಕಾಯುವ ಈ ಆಮ್ಲವನ್ನು ತನ್ನ ಜೊತೆಗೇ ತರುತ್ತದೆ: ಪ್ರತಿ 10 ಪಿಪಿಎಂ ಕ್ಲೋರಿನ್ನಿಗೆ ಸುಮಾರು 6 ಪಿಪಿಎಂ. ದಿನಕ್ಕೆ 2 ಪಿಪಿಎಂ ಹಾಕಿದರೂ ಎರಡು ತಿಂಗಳಲ್ಲಿ 70 ದಾಟುತ್ತದೆ. ಅದು ಆವಿಯಾಗದು, ಸ್ಯಾಂಡ್ ಫಿಲ್ಟರಿನಲ್ಲಿ ನಿಲ್ಲದು. 100ರ ಮೇಲೆ ಹೋದರೆ ಕ್ಲೋರಿನ್ ಇದ್ದೂ ಕೈಕಟ್ಟಿದಂತೆ. ಕ್ಲೋರಮೈನ್ ಮುರಿಯುವ ಈ ದೊಡ್ಡ ಡೋಸಿಗೆ ಟಿಸಿಸಿಎ ಬಳಸಲೇಬಾರದು ಅನ್ನುವುದು ಇದಕ್ಕೇ.

ಎರಡಕ್ಕೂ ಕೊನೆಯ ಮದ್ದು ಒಂದೇ, ಒಂದಿಷ್ಟು ನೀರು ಹೊರಗೆ ಬಿಟ್ಟು ಹೊಸದು ತುಂಬುವುದು. ಕಾಲು ಭಾಗ ಬದಲಿಸಿದರೆ 100 ಇದ್ದದ್ದು 75 ಆಗುತ್ತದೆ. ನಮಗೆ ಅದು 18,000 ಲೀಟರ್, 6,000 ಲೀಟರಿನ ಮೂರು ಟ್ಯಾಂಕರ್. ಜರ್ಮನಿಯಲ್ಲಿ ಈಜುವ ಒಬ್ಬೊಬ್ಬರಿಗೆ 30 ಲೀಟರ್ ಹೊಸ ನೀರು ಸೇರಿಸುವುದು ನಿಯಮ. ಬೆಂಗಳೂರಿನಲ್ಲಿ ಹಾಗೆ ಕೈಬೀಸಿ ಹೇಳಲಾಗದು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಪೂಲಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಹೇಳಿತ್ತು. ಹಾಗಾಗಿ ನಾವು ಫಿಲ್ಟರ್ ತೊಳೆಯುವ ಬ್ಯಾಕ್‌ವಾಶ್‌ನಲ್ಲಿ ಹೇಗೂ ಹೋಗುವ ನೀರನ್ನು ಈ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತೇವೆ. ಬರಗಾಲದಲ್ಲಿ ಎಸ್‌ಟಿಪಿ ನೀರು (ಸಂಸ್ಕರಿಸಿದ ಚರಂಡಿ ನೀರು) ಬಿಟ್ಟುಕೊಳ್ಳೋಣ ಎಂದು ಸಭೆಯಲ್ಲಿ ಯಾರಾದರೂ ಎದ್ದು ಹೇಳುತ್ತಾರೆ. ಕೂರಿಸಿ. ಅದರಲ್ಲಿ ಅಮೋನಿಯಾ ಉಳಿದಿರಬಹುದು, ರೋಗಾಣುಗಳ ಭಯ ಬೇರೆ.

ಲಕ್ಷಣವೇ ಇಲ್ಲ, ಆದರೂ ಕೇಳುವವರಿದ್ದಾರೆ: “ಇದರಿಂದ ಕ್ಯಾನ್ಸರ್ ಬರುತ್ತಂತೆ?”

ಕ್ಲೋರಿನ್ ಸಾವಯವ ಕೊಳೆಯ ಜೊತೆ ಸೇರಿ ಕ್ಲೋರೋಫಾರ್ಮ್ ಮೊದಲಾದ ಟ್ರೈಹ್ಯಾಲೋಮೀಥೇನ್‌ಗಳನ್ನೂ ಮಾಡುತ್ತದೆ. ಇದನ್ನು 1974ರಲ್ಲಿ ನಲ್ಲಿ ನೀರಿನಲ್ಲಿ ತೋರಿಸಿಕೊಟ್ಟವರು ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನ ಯೋಹಾನೆಸ್ ರೂಕ್. ಇವಕ್ಕೆ ಮೂಗಿಗೆ ತಿಳಿಯುವ ಲಕ್ಷಣವಿಲ್ಲ, ಅಂಗಡಿಯ ಕಿಟ್ಟಿನಲ್ಲೂ ಕಾಣುವುದಿಲ್ಲ. ಡಿಐಎನ್ 19643 ಲೀಟರಿಗೆ 20 ಮೈಕ್ರೋಗ್ರಾಂ ಮಿತಿ ಇಟ್ಟಿದೆ. ಆದರೆ ಇವುಗಳಿಗೆ ಹೆದರಿ ಕ್ಲೋರಿನ್ ನಿಲ್ಲಿಸಿದರೆ ವಾಂತಿಭೇದಿ, ಕಿವಿ ಸೋಂಕು ಕೆಲವೇ ದಿನಗಳಲ್ಲಿ ಮನೆಮನೆಗೆ ಹೋಗುತ್ತವೆ. ಸೋಂಕಿನ ಅಪಾಯವೇ ದೊಡ್ಡದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಕೊಳೆ ಕಡಿಮೆಯಾದರೆ ಇವೂ ಕಡಿಮೆಯಾಗುತ್ತವೆ, ಮತ್ತೆ ಅದೇ ಶವರ್.

ದಿನವೂ ಗಂಟೆಗಟ್ಟಲೆ ಮಕ್ಕಳು ತರಬೇತಿ ಪಡೆಯುವ ಒಳಾಂಗಣ ಪೂಲ್ ನಿಮ್ಮದಾದರೆ ಲ್ಯಾಬಿನಲ್ಲಿ ಅಳೆಸಿ. ಮಿನರಲ್ ವಾಟರ್ ಬಾಟಲಿಯಲ್ಲಿ ಹಿಡಿದುಕೊಂಡು ಹೋದರೆ ದುಡ್ಡು ದಂಡ: ಕ್ಲೋರೋಫಾರ್ಮ್ ದಾರಿಯಲ್ಲೇ ಹಾರಿಹೋಗುತ್ತದೆ, ಉಳಿದ ಕ್ಲೋರಿನ್ ಹೊಸದನ್ನು ಹುಟ್ಟಿಸುತ್ತಲೂ ಇರುತ್ತದೆ. ಲ್ಯಾಬಿನವರೇ ಕೊಡುವ ಗಾಜಿನ ಸೀಸೆ ಕೇಳಿ ಪಡೆಯಿರಿ. ಗಾಳಿಯ ಒಂದು ಗುಳ್ಳೆಯೂ ಉಳಿಯದಂತೆ ಅಂಚಿನವರೆಗೆ ತುಂಬಿ ಮುಚ್ಚಬೇಕು. ಆದರೆ ತುಂಬುವ ಮುಂಚೆ ತೊಳೆಯಬೇಡಿ. ತಳದಲ್ಲಿ ಬಿಳಿ ಹರಳು ಕಂಡರೆ ಅದು ಕೊಳೆಯಲ್ಲ, ಕ್ಲೋರಿನ್ನನ್ನು ಅಲ್ಲಿಗೇ ನಿಲ್ಲಿಸಲು ಅವರು ಹಾಕಿಟ್ಟ ಹೈಪೋ, ಶಾಲೆಯ ಲ್ಯಾಬಿನದು.